ಎಡಗಡೆಯ ಬ್ಯಾಟರಿ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಒಂದಿಬ್ಬರು ಗೆಳೆಯರು "ಬದುಕಿದ್ದೀಯಾ ಮಾರಾಯ?" ಅಂತ ಮೆಸೇಜು ಮಾಡಿದ್ದರು. ಬದುಕಿದ್ದೇನೆ :) ಜೂನ್, ಜುಲೈ ಎರಡು ತಿಂಗಳು ಊರಲ್ಲಿದ್ದೆ. ಹಗಲು ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಕೆಲಸ, ಬೆಳಿಗ್ಗೆ ಮತ್ತು ಸಂಜೆ ಮಲ್ಪೆ ಬಂದರಿನಲ್ಲಿ ಮಾವನ ಬೋಟಿನ ಹೊಟ್ಟೆಯೊಳಗೆ. ವಾಪಸ್ ಬೆಂಗಳೂರಿಗೆ ಬರುವಾಗ ಉಗುರಿನ ಸಂದಿಯಲ್ಲಿ ಗ್ರೀಸು, ಎರಡು ಅಂಗಿಗಳಲ್ಲಿ ಆಸಿಡ್ ಬಿದ್ದು ಆದ ತೂತು. ಜೊತೆಗೆ ನಾನು ನಾಲ್ಕು ವರ್ಷ ಓದಿದ್ದರಲ್ಲಿ ಎಷ್ಟು ನಿಜಕ್ಕೂ ಗೊತ್ತಿತ್ತು ಅನ್ನುವ ಒಂದು ಸಣ್ಣ ಲೆಕ್ಕ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಮಾವ ಅಂದರೆ ಅಮ್ಮನ ಅಣ್ಣ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅವರೇ, ಮೀನಿನ ದುಡ್ಡಿನಲ್ಲಿ. ಇಲೆಕ್ಟ್ರಿಕಲ್ ಸೀಟು ಸಿಕ್ಕಿದಾಗ ದಕ್ಕೆಯಲ್ಲಿ ಸಿಕ್ಕಿದವರಿಗೆಲ್ಲ "ನಮ್ಮ ಅಳಿಯ ಕರೆಂಟಿನ ಇಂಜಿನಿಯರ್ ಆಗ್ತಾನೆ" ಅಂತ ಹೇಳಿಕೊಂಡು ತಿರುಗಿದ್ದರು. ಆಮೇಲೆ ಆದದ್ದು ನಮ್ಮ ತಲೆಮಾರಿನ ಎಲ್ಲರ ಕಥೆಯೇ. ಕ್ಯಾಂಪಸ್ಸಿನಲ್ಲಿ ಸಾಫ್ಟ್‌ವೇರ್ ಕಂಪನಿ ಬಂತು, ಕೆಲಸ ಸಿಕ್ಕಿತು, ಅಲ್ಲಿಂದ ಇಲ್ಲಿಯ ತನಕ ನಾನು ಜಾವಾ ಬರೆಯುತ್ತಿದ್ದೇನೆ. ಕರೆಂಟಿಗೂ ನನಗೂ ಇರುವ ಸಂಬಂಧ ತಿಂಗಳ ಬಿಲ್ಲು ಕಟ್ಟುವಷ್ಟೇ. ಆದರೆ ಮಾವನ ಲೆಕ್ಕದಲ್ಲಿ ನಾನು ಈಗಲೂ ಕರೆಂಟಿನ ಇಂಜಿನಿಯರೇ. ನಾನೂ ಅದನ್ನು ತಿದ್ದಲು ಹೋಗಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಮದುವೆಗೆ ಊರಿಗೆ ಹೋಗಿದ್ದೆ. ಊಟ ಆಗಿ ಬೀಡ ಜಗಿಯುತ್ತಾ ಕೂತಿದ್ದಾಗ ಬಾವ, ಅಂದರೆ ಮಾವನ ಮಗ, ನಗುತ್ತಾ ಒಂದು ಕಥೆ ಹೇಳಿದ. ಅವನೂ ಅದೇ ಬೋಟಿನಲ್ಲಿ ಹೋಗುವವನು. ಜನವರಿಯ ಒಂದು ರಾತ್ರಿ ಆಳ ಸಮುದ್ರದಲ್ಲಿ ಲಂಗರು ಹಾಕಿ ಮಲಗಿದ್ದರಂತೆ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಇಂಜಿನ್ ಸ್ಟಾರ್ಟ್ ಮಾಡಲು ಹೋದರೆ ಬರೀ "ಕಟ್ ಕಟ್ ಕಟ್" ಅನ್ನುವ ಸದ್ದು. ಕಂಬದ ಮೇಲಿನ ಲೈಟು ಅಷ್ಟು ಹೊತ್ತಿಗೆ ಕೆಂಪಗಾಗಿ ಮಿಣುಕುತ್ತಿತ್ತು. ಅದೇ ಹೊತ್ತಿಗೆ ದೂರದಲ್ಲಿ ಒಂದು ಹಡಗಿನ ದೀಪ. ಮಾವ ವೈರ್‌ಲೆಸ್ ತೆಗೆದು ಕರೆದರು. ಸೆಟ್ಟಿನಲ್ಲಿ ಬೇರೆ ಬೋಟಿನವರು ಮೀನಿನ ರೇಟು ಮಾತಾಡುವುದು ಚೆನ್ನಾಗಿ ಕೇಳಿಸುತ್ತಿತ್ತು. ಆದರೆ ಇವರು ಬಟನ್ ಒತ್ತಿದ ಕೂಡಲೇ ಸೆಟ್ಟಿನ ಲೈಟೇ ಆಫ್! ಬಿಟ್ಟರೆ ಮತ್ತೆ ಆನ್. ಇವರಿಗೆ ಎಲ್ಲರದ್ದೂ ಕೇಳ್ತದೆ, ಇವರದ್ದು ಯಾರಿಗೂ ಕೇಳುವುದಿಲ್ಲ.

"ಮತ್ತೆಂಥ ಮಾಡಿದ್ರಿ?" ಅಂದೆ.

"ಮತ್ತೆಂಥ ಮಾಡುದು? ಒಂದು ಬಕೆಟಿನಲ್ಲಿ ಹಳೇ ಬಟ್ಟೆ ಹಾಕಿ, ಡೀಸೆಲ್ ಸುರಿದು ಬೆಂಕಿ ಕೊಟ್ಟೆವು. ಎಲ್ಲ ಟಾರ್ಚು ಹಿಡಿದು ನಿಂತೆವು. ಹಡಗು ಅದರ ಪಾಡಿಗೆ ಅದು ಹೋಯ್ತು."

ದೂರದಿಂದಲೇ ಹೋಯ್ತಂತೆ. ಕತ್ತಲಲ್ಲಿ ದೂರ ಎಂದರೆ ಎಷ್ಟು ಅಂತ ಅವನಿಗೂ ಗೊತ್ತಿಲ್ಲ. ಬೆಳಗಾದ ಮೇಲೆ ಪಕ್ಕದ ಬೋಟಿನವರು ಬಂದು ಅವರ ಬ್ಯಾಟರಿಯಿಂದ ವಯರು ಎಳೆದು ಸ್ಟಾರ್ಟ್ ಮಾಡಿಸಿದರು.

ಬಾವ ಇದನ್ನು ತಮಾಷೆಯ ಹಾಗೆ ಹೇಳಿದ. ನನಗೆ ಬೀಡ ಗಂಟಲಿನಿಂದ ಇಳಿಯಲಿಲ್ಲ. ಮಲ್ಪೆಯಲ್ಲಿ ಹುಟ್ಟಿದವರಿಗೆ 2018ರ ಡಿಸೆಂಬರ್ ಮರೆಯುವುದಿಲ್ಲ. 'ಸುವರ್ಣ ತ್ರಿಭುಜ' ಬೋಟು 7 ಜನರ ಸಮೇತ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡೆ ಸಮುದ್ರದ ತಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ಆ ಬೋಟಿಗೂ ನಮ್ಮ ಬೋಟಿನ ವಯರಿಂಗಿಗೂ ಸಂಬಂಧ ಕಟ್ಟುತ್ತಿಲ್ಲ. ಆದರೆ ಆ ಐದು ತಿಂಗಳು ಊರು ಹೇಗಿತ್ತು ಅಂತ ನೋಡಿದವನಿಗೆ "ಬಟನ್ ಒತ್ತಿದರೆ ಸೆಟ್ ಆಫ್ ಆಗ್ತದೆ" ಅನ್ನುವ ಮಾತು ತಮಾಷೆಯಾಗಿ ಕೇಳಿಸುವುದಿಲ್ಲ.

"ನನಗೆ ಯಾಕೆ ಹೇಳಲಿಲ್ಲ?" ಅಂತ ಮಾವನನ್ನು ಕೇಳಿದೆ.

"ನೀನು ಕಂಪ್ಯೂಟರಿನವ ಅಲ್ವಾ" ಅಂದರು.

ಅಂದರೆ ಅವರಿಗೆ ಯಾವತ್ತೋ ಗೊತ್ತಾಗಿತ್ತು.

*

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತಾಗಿ ನಿಂತಿರುತ್ತವೆ. ರಿಪೇರಿ, ಪೇಂಟು, ಬಲೆ ಹೊಲಿಯುವುದು ಎಲ್ಲ ಆ 61 ದಿನಗಳಲ್ಲೇ. ನಾನು ಮ್ಯಾನೇಜರಿಗೆ ಕೈಕಾಲು ಹಿಡಿದು ಎರಡು ತಿಂಗಳು ಮನೆಯಿಂದ ಕೆಲಸ ಮಾಡುವ ಅನುಮತಿ ತೆಗೆದುಕೊಂಡೆ. ಒಂದು ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ಕೊಂಡೆ. ಮೊದಲ ದಿನ ಅದನ್ನು ಹಿಡಿದು ಬೋಟು ಹತ್ತುವಾಗ ಎದೆ ಸ್ವಲ್ಪ ಉಬ್ಬಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಕ್ಯಾಬಿನ್ನಿನ ಪ್ಯಾನೆಲ್ ಬಿಚ್ಚಿದಾಗ ಎದೆ ಇಳಿಯಿತು. ಹದಿನೈದು ವರ್ಷ ಹಳೆಯ ಕೋಡ್ ನೋಡಿದವರಿಗೆ ಗೊತ್ತಿರುತ್ತದೆ ಆ ಅನುಭವ. ಯಾರು ಬರೆದರೋ ಅವರು ಈಗಿಲ್ಲ, ಕಮೆಂಟಿಲ್ಲ, ಡಾಕ್ಯುಮೆಂಟಿಲ್ಲ, ಎಲ್ಲಿಂದ ಎಲ್ಲಿಗೋ ಕರೆ ಹೋಗುತ್ತದೆ. ಇಲ್ಲಿಯೂ ಹಾಗೇ. ಕೆಂಪು ವಯರು ಹೊರಟು ನಡುವಿನಲ್ಲಿ ಹಳದಿ ಆಗಿ, ಇನ್ನೊಂದು ಕಡೆ ಕಪ್ಪಾಗಿ ಹೊರಬರುತ್ತದೆ. ಜೋಡಿಸಿದ ಕಡೆಯಲ್ಲೆಲ್ಲ ತಿರುಚಿ ಟೇಪು ಸುತ್ತಿದ್ದಾರೆ. ಟೇಪು ಸೆಕೆಗೆ ಕರಗಿ ಹಲಸಿನ ಮೇಣದ ಹಾಗೆ ಕೈಗೆ ಅಂಟುತ್ತದೆ. ಎಲ್ಲಿಗೂ ಹೋಗದ ವಯರುಗಳು ಒಂದು ಹತ್ತಾದರೂ ಇದ್ದವು, ಹಿಂದೆ ಯಾವುದೋ ಫ್ಯಾನಿಗೋ ಟೇಪ್ ರೆಕಾರ್ಡರಿಗೋ ಹೋಗಿದ್ದಿರಬೇಕು.

ಕಾಲೇಜಿನಲ್ಲಿ ಯಾರೂ ಹೇಳದ ಒಂದು ವಿಷಯ ಮೊದಲ ದಿನವೇ ಗೊತ್ತಾಯಿತು. ಲಾರಿಯಲ್ಲಿ ಬ್ಯಾಟರಿಯ ಪ್ಲಸ್ಸಿನಿಂದ ಒಂದು ವಯರು ಎಳೆದರೆ ಸಾಕು, ವಾಪಸ್ ಬರುವ ದಾರಿ ಲಾರಿಯ ಕಬ್ಬಿಣದ ಬಾಡಿಯೇ. ನಮ್ಮದು ಮರದ ಬೋಟು. ಮರದಲ್ಲಿ ಕರೆಂಟು ಹರಿಯುವುದಿಲ್ಲವಲ್ಲ, ಹಾಗಾಗಿ ಹೋದ ಪ್ರತಿಯೊಂದು ಆಂಪಿಯರೂ ಇನ್ನೊಂದು ವಯರಿನಲ್ಲೇ ವಾಪಸ್ ಬರಬೇಕು. ಅಂದರೆ ಕೆಡುವ ಜಾಗಗಳು ಎರಡು ಪಟ್ಟು. ಎಲ್ಲರೂ ಪ್ಲಸ್ ವಯರನ್ನು ಅನುಮಾನದಿಂದ ನೋಡುತ್ತಾರೆ. ವಾಪಸ್ ಬರುವ ಕಪ್ಪು ವಯರನ್ನು ಯಾರೂ ವಿಚಾರಿಸುವುದಿಲ್ಲ.

ನಾನು ವೈರ್‌ಲೆಸ್ಸಿನ ಪ್ಲಗ್ಗು ಕಿತ್ತು ಮೀಟರಿನ ಎರಡು ಕಡ್ಡಿ ಹಿಡಿದೆ. ಸುಮಾರು 12 ವೋಲ್ಟು. ಸರಿಯಾಗಿಯೇ ಉಂಟು. "ವಯರಿಂಗಿನಲ್ಲಿ ಏನೂ ತೊಂದರೆ ಇಲ್ಲ ಮಾವ, ಸೆಟ್ಟೇ ಹೋಗಿರಬೇಕು. ಹೊಸದು ತರುವ" ಅಂದೆ. ಮಾವ ಏನೂ ಹೇಳದೆ ಮೊಬೈಲ್ ತೆಗೆದು ಯಾರಿಗೋ ಫೋನು ಮಾಡಿದರು.

*

ಬಂದವರನ್ನು ಬಂದರಿನಲ್ಲಿ ಎಲ್ಲರೂ ಬ್ಯಾಟರಿ ಅಣ್ಣ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಅರವತ್ತೈದು ದಾಟಿರಬಹುದು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಒಂದು ಕಟಿಂಗ್ ಪ್ಲೇಯರ್, ಎರಡು ಸ್ಪ್ಯಾನರು, ಒಂದು ಹೈಡ್ರೋಮೀಟರ್, ಮತ್ತೆ ಒಂದು ಹೋಲ್ಡರಿನಲ್ಲಿ ಕೂತ ಕಾರಿನ ಇಂಡಿಕೇಟರ್ ಬಲ್ಬು, ಅದಕ್ಕೆ ಎರಡು ಉದ್ದ ವಯರು. ಅಷ್ಟೇ.

ನನ್ನ ಮೀಟರು ನೋಡಿ "ಒಳ್ಳೆದುಂಟು" ಅಂದರು. ಆಮೇಲೆ ಅದೇ ಪ್ಲಗ್ಗಿಗೆ ತಮ್ಮ ಬಲ್ಬಿನ ವಯರು ಮುಟ್ಟಿಸಿದರು. ಬಲ್ಬು ಹತ್ತಿತು, ಆದರೆ ಮಂಕು. ಪ್ಲಸ್ ವಯರನ್ನು ಅಲ್ಲೇ ಇಟ್ಟು, ಇನ್ನೊಂದನ್ನು ನೇರ ಬ್ಯಾಟರಿಯ ಮೈನಸ್ಸಿಗೆ ಎಳೆದರು. ಬಲ್ಬು ತಟ್ಟನೆ ಬೆಳಗಾಯಿತು.

"ನಿನ್ನ ಮೀಟರು ಅದರ ಹತ್ರ ಹೆಸರು ಕೇಳ್ತದೆ, ಅಷ್ಟೇ. ಬಲ್ಬು ಕೆಲಸ ಹೇಳ್ತದೆ. ಕೆಲಸ ಹೇಳಿದಾಗಲೇ ಗೊತ್ತಾಗುದು" ಅಂದರು.

ನಾನು ಪೆದ್ದನ ಹಾಗೆ ನಿಂತಿದ್ದೆ. ಯಾಕೆಂದರೆ ಇದು ಓಮ್ಸ್ ಲಾ. ಪಿಯುಸಿಯಲ್ಲೇ ಕಲಿತದ್ದು. ಡಿಜಿಟಲ್ ಮಲ್ಟಿಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. 12 ವೋಲ್ಟಿಗೆ ಅದು ಎಳೆಯುವ ಕರೆಂಟು ಒಂದು ಮೈಕ್ರೋ ಆಂಪಿಯರಿಗಿಂತ ಸ್ವಲ್ಪ ಹೆಚ್ಚು. ಅಷ್ಟು ಸಣ್ಣ ಕರೆಂಟಿಗೆ ನಡುವಿನ ಜಾಯಿಂಟು ಎಷ್ಟೇ ಕೆಟ್ಟಿದ್ದರೂ ಮೀಟರಿನಲ್ಲಿ 12ನ್ನೇ ತೋರಿಸುತ್ತದೆ. 21 ವ್ಯಾಟಿನ ಬಲ್ಬು ಎಳೆಯುವುದು 1.75 ಆಂಪಿಯರ್. ಆಗ ಕೆಟ್ಟ ಜಾಯಿಂಟು ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ.

ಕಪ್ಪು ವಯರನ್ನು ಹಿಂಬಾಲಿಸಿಕೊಂಡು ಹೋದೆವು. ಪ್ಯಾನೆಲಿನ ಹಿಂದೆ, ಮಳೆ ಬಂದರೆ ಕಿಟಕಿಯಿಂದ ನೀರು ಇಳಿಯುವ ಜಾಗದಲ್ಲಿ, ಒಂದು ಹಿತ್ತಾಳೆಯ ಪಟ್ಟಿ. ಎಲ್ಲ ಮೈನಸ್ ವಯರುಗಳು ಬಂದು ಸೇರುವ ಕಡೆ. ಅದರಲ್ಲಿ ಒಂದು ಲಗ್ ಪೂರ್ತಿ ಹಸಿರು, ಹುಳಿ ಹಾಕಿ ಮರೆತ ತಾಮ್ರದ ಪಾತ್ರೆಗೆ ಹಿಡಿಯುತ್ತದಲ್ಲ, ಅದೇ ಕಿಲುಬು. ಬಲ್ಬು ಉರಿಯುತ್ತಿರುವಾಗಲೇ ಆ ಲಗ್ಗಿನ ಆಚೆ ಒಂದು ಕಡ್ಡಿ, ಈಚೆ ಒಂದು ಕಡ್ಡಿ ಇಟ್ಟು ನೋಡಿದೆ. ಒಂದೂವರೆ ವೋಲ್ಟು ಅಲ್ಲೇ ಖರ್ಚಾಗುತ್ತಿತ್ತು. ಅಂದರೆ ಹೆಚ್ಚುಕಡಿಮೆ ಒಂದು ಓಮ್.

ಒಂದು ಓಮ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ವೈರ್‌ಲೆಸ್ ಸುಮ್ಮನೆ ಕೇಳಿಸಿಕೊಳ್ಳುವಾಗ ತೆಗೆದುಕೊಳ್ಳುವುದು ಸುಮಾರು ಅರ್ಧ ಆಂಪಿಯರ್. ಅರ್ಧ ವೋಲ್ಟು ಹೋದರೆ ಸೆಟ್ಟಿಗೆ ಏನೂ ಆಗುವುದಿಲ್ಲ. ಆದರೆ 25 ವ್ಯಾಟಿನಲ್ಲಿ ಮಾತಾಡಲು ಬಟನ್ ಒತ್ತಿದರೆ ಅದಕ್ಕೆ ಐದಾರು ಆಂಪಿಯರ್ ಬೇಕು. ಐದಾರು ಆಂಪಿಯರ್, ಒಂದು ಓಮ್... ಐದಾರು ವೋಲ್ಟು ದಾರಿಯಲ್ಲೇ ಮಾಯ. ಸೆಟ್ಟಿಗೆ ಉಳಿದದ್ದು ಏಳು ವೋಲ್ಟು. ಅದು ಆಫ್ ಆಗದೆ ಮತ್ತೇನು ಮಾಡೀತು?

ಎಲ್ಲರದ್ದೂ ಕೇಳ್ತದೆ, ತಮ್ಮದು ಯಾರಿಗೂ ಕೇಳುವುದಿಲ್ಲ. ಆ ರಾತ್ರಿಯ ಅಷ್ಟೂ ಭಯದ ಕಾರಣ ಕಡಲೆ ಗಾತ್ರದ ಒಂದು ಹಸಿರು ತುಂಡು.

*

ಇನ್ನೊಂದು ಸಮಸ್ಯೆ ಇಂಜಿನ್ ಸ್ಟಾರ್ಟ್ ಆಗದ್ದು. ಬೋಟಿನ ಇಂಜಿನ್ ಲಾರಿಯದ್ದರ ಹಾಗೆ 24 ವೋಲ್ಟಿನದ್ದು. 12ರ ಎರಡು ಬ್ಯಾಟರಿ ಒಂದರ ಬಾಲಕ್ಕೆ ಒಂದು ಕಟ್ಟಿ 24 ಮಾಡಿರುತ್ತಾರೆ. ಮಾವ ಹೇಳಿದ ಒಂದು ಮಾತು ನನಗೆ ವಿಚಿತ್ರ ಅನ್ನಿಸಿತು. "ಬಲಗಡೆಯದ್ದು ಮೂರು ವರ್ಷ ಬರ್ತದೆ. ಎಡಗಡೆಯದ್ದು ವರ್ಷಕ್ಕೊಂದು ಬೇಕು. ಯಾವ ಕಂಪನಿಯದ್ದು ತಂದ್ರೂ ಅಷ್ಟೇ. ಆ ಜಾಗಕ್ಕೇ ದೃಷ್ಟಿ ಉಂಟು." ನಿಜವಾಗಿಯೂ ಆ ಬ್ಯಾಟರಿಯ ಮೇಲೆ ಒಂದು ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ದಾರದ ಮೇಲೂ ಕಿಲುಬು :)

ಪ್ಯಾನೆಲಿನ ಮುಳ್ಳು 25ರ ಹತ್ತಿರ ತೋರಿಸುತ್ತಿತ್ತು. ಎಲ್ಲರೂ ಅದನ್ನು ನೋಡಿ ಸರಿ ಉಂಟು ಅನ್ನುತ್ತಿದ್ದರು. ನಾನು ಒಂದೊಂದನ್ನೇ ಬೇರೆ ಬೇರೆ ಅಳೆದೆ. ಬಲಗಡೆ 12.7. ಎಡಗಡೆ 11.9. ಒಟ್ಟು 24.6. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ 12.7ರ ಹತ್ತಿರ ಇರಬೇಕು. 11.9 ಅಂದರೆ ಬಹುತೇಕ ಖಾಲಿ. ಬ್ಯಾಟರಿ ಅಣ್ಣ ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಸಿದರು. ಬಲಗಡೆಯ ಆರೂ ಸೆಲ್ಲಿನಲ್ಲಿ 1.270 ಆಸುಪಾಸು, ಆದರೆ ನೀರು ಪ್ಲೇಟಿನ ಮಟ್ಟಕ್ಕೆ ಇಳಿದಿದೆ. ಎಡಗಡೆಯದ್ದರಲ್ಲಿ ನೀರು ತುಂಬಾ ಇದೆ, ಆದರೆ ಸಾಂದ್ರತೆ 1.150. ಒಂದಕ್ಕೆ ಅಜೀರ್ಣ, ಇನ್ನೊಂದಕ್ಕೆ ಹಸಿವು.

ಅವತ್ತು ರಾತ್ರಿ ಮನೆಯಲ್ಲಿ ಕೂತು ಇಡೀ ಬೋಟಿನ ವಯರಿಂಗನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಬರೆದಾಗ ಕಂಡಿತು. ವೈರ್‌ಲೆಸ್, ಜಿಪಿಎಸ್, ಮೊಬೈಲ್ ಚಾರ್ಜು, ಫ್ಯಾನು ಇವೆಲ್ಲ 12 ವೋಲ್ಟಿನವು. ಬೋಟಿನಲ್ಲಿ ಇರುವುದು 24. ಯಾರೋ ಪುಣ್ಯಾತ್ಮರು ಸುಲಭದ ದಾರಿ ಹಿಡಿದು ಎರಡು ಬ್ಯಾಟರಿಯ ನಡುವಿನಿಂದ ಒಂದು ವಯರು ತೆಗೆದು 12 ಮಾಡಿಕೊಂಡಿದ್ದಾರೆ. ಅಂದರೆ ಈ ಎಲ್ಲದರ ಭಾರ ಎಡಗಡೆಯ ಬ್ಯಾಟರಿಯೊಂದರ ಮೇಲೆ! ಆಲ್ಟರ್ನೇಟರ್ ಚಾರ್ಜ್ ಮಾಡುವುದು ಎರಡನ್ನೂ ಒಂದೇ ಸಾಲಿನಲ್ಲಿ, ಅದರ ರೆಗ್ಯುಲೇಟರ್ ನೋಡುವುದು ಒಟ್ಟು ಮೊತ್ತವನ್ನು ಮಾತ್ರ. ಮರುದಿನ ಇಂಜಿನ್ ಓಡಿಸಿ ಅಳೆದೆ. ಒಟ್ಟು 28, ಸರಿಯಾದ ಲೆಕ್ಕ. ಬಿಡಿಸಿ ನೋಡಿದರೆ ಬಲಗಡೆ 15.1, ಎಡಗಡೆ 12.9. ಬಲಗಡೆಯದ್ದು ಕುದಿದು ನೀರು ಕಳೆದುಕೊಳ್ಳುತ್ತಿದೆ, ಎಡಗಡೆಯದ್ದು ಯಾವತ್ತೂ ಹೊಟ್ಟೆ ತುಂಬ ಉಣ್ಣದೆ ವರ್ಷದೊಳಗೆ ಸಾಯುತ್ತಿದೆ.

ಬ್ಯಾಟರಿ ಅಣ್ಣನಿಗೆ ಚಿತ್ರ ತೋರಿಸಿ ವಿವರಿಸಿದೆ. ಅವರು ತುಂಬಾ ಹೊತ್ತು ನೋಡಿದರು. "ಈ ಬಂದರಿನಲ್ಲಿ ಎಷ್ಟು ಬೋಟಿಗೆ ನಾನೇ ಹೀಗೆ ತೆಗೆದುಕೊಟ್ಟಿದ್ದೇನೆ ಗೊತ್ತುಂಟಾ?" ಅಂದರು. ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಆ ಪುಣ್ಯಾತ್ಮ ಯಾರು ಅಂತ ನಾನು ಕೇಳಲೇ ಇಲ್ಲ.

*

ಇಲ್ಲಿಗೆ ನಿಲ್ಲಿಸಿದ್ದರೆ ಇದು ಇಂಜಿನಿಯರ್ ಅಳಿಯನ ಗೆಲುವಿನ ಕಥೆ ಆಗುತ್ತಿತ್ತು. ಆದರೆ ಜುಲೈ ಮೊದಲ ವಾರ ನನಗೆ ಹುಮ್ಮಸ್ಸು ಹತ್ತಿತ್ತು. ಎಲ್ಲಿಗೂ ಹೋಗದ ಹಳೆಯ ವಯರುಗಳನ್ನೆಲ್ಲ ಕಿತ್ತು ಹಾಕೋಣ ಅಂತ ಹೊರಟೆ. ಡೆಡ್ ಕೋಡ್ ತೆಗೆಯುವುದು ಅನ್ನುತ್ತೇವಲ್ಲ, ಅದೇ. ಒಂದು ಬೂದು ಬಣ್ಣದ ವಯರು ಪ್ಯಾನೆಲಿನ ಯಾವ ಸ್ವಿಚ್ಚಿಗೂ ಹೋಗದೆ ನೆಲದ ಹಲಗೆಯೊಳಗೆ ಇಳಿದು ಮಾಯವಾಗುತ್ತಿತ್ತು. ಮೀಟರು ಇಟ್ಟರೆ ಸೊನ್ನೆ. ಕತ್ತರಿಸಿದೆ.

ಆ ರಾತ್ರಿ ಆಟಿ ತಿಂಗಳ ಮಳೆ ಹೇಗೆ ಸುರಿಯುತ್ತದೋ ಹಾಗೆ ಸುರಿಯಿತು. ಬೆಳಿಗ್ಗೆ ಆರಕ್ಕೆ ಬಾವ ಫೋನು ಮಾಡಿದ. "ಬೇಗ ಬಾ."

ಬೋಟಿನ ತಳದಲ್ಲಿ ಮೊಣಕಾಲು ಮಟ್ಟ ನೀರು. ಇಂಜಿನ್ನಿನ ಕೆಳಗೆ ಇರುವ ಸ್ಟಾರ್ಟರ್ ಮೋಟರ್ ಮುಳುಗಿತ್ತು. ತಳದಲ್ಲಿ ನೀರು ಸೇರಿದರೆ ತಾನಾಗಿ ಹೊರಹಾಕುವ ಪಂಪು ಒಂದಿದೆ. ನೀರಿನ ಜೊತೆ ಏಳುವ ಒಂದು ತೇಲುಸ್ವಿಚ್ಚು ಅದನ್ನು ಆನ್ ಮಾಡುತ್ತದೆ. ಆ ಸ್ವಿಚ್ಚಿನಿಂದ ಪಂಪಿಗೆ ಬರುವ ವಯರೇ ನಾನು ಕತ್ತರಿಸಿದ್ದು. ನೀರಿಲ್ಲದಾಗ ಸ್ವಿಚ್ಚು ಆಫ್ ಇರುತ್ತದೆ, ಸ್ವಿಚ್ಚು ಆಫ್ ಇದ್ದರೆ ವಯರಿನಲ್ಲಿ ಸೊನ್ನೆ ವೋಲ್ಟು. ನಾನು ಒಣ ಬೋಟಿನಲ್ಲಿ ಅಳೆದು, ಇದು ಸತ್ತ ವಯರು ಅಂತ ತೀರ್ಮಾನಿಸಿದ್ದೆ. ವರ್ಷಕ್ಕೆ ನಾಲ್ಕು ಸಲ ಮಾತ್ರ ಓಡುವ ಕೋಡನ್ನು ಡೆಡ್ ಕೋಡ್ ಅಂದ ಹಾಗೆ.

ಬಕೆಟ್ ಹಿಡಿದು, ಡೀಸೆಲ್ ಪಂಪ್ ತರಿಸಿ ನೀರು ತೆಗೆಯುವಷ್ಟರಲ್ಲಿ ಹತ್ತು ಗಂಟೆ. ಆಫೀಸಿನ ಮೀಟಿಂಗಿಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿದೆ. ಅಷ್ಟು ದೊಡ್ಡ ಸುಳ್ಳೂ ಆಗಿರಲಿಲ್ಲ. ಸ್ಟಾರ್ಟರನ್ನು ಬಿಚ್ಚಿ ಉಡುಪಿಗೆ ವೈಂಡಿಂಗ್ ಅಂಗಡಿಗೆ ಕೊಂಡುಹೋದೆವು. ದಾರಿಯಿಡೀ ಮಾವ ಮಾತಾಡಲಿಲ್ಲ. ಕಲ್ಮಾಡಿ ದಾಟಿದ ಮೇಲೆ "ಇಂಜಿನ್ನಿಗೆ ನೀರು ಹೋಗಲಿಲ್ಲ. ಬಿಡು" ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ಬೈದದ್ದು ಬ್ಯಾಟರಿ ಅಣ್ಣ. "ಒಂದು ವಯರಿಗೆ ಎರಡು ತುದಿ ಇರ್ತದೆ. ಎರಡೂ ತುದಿ ಕಣ್ಣಿನಲ್ಲಿ ನೋಡದೆ ಕತ್ತಿ ಇಡ್ತಾರಾ? ನಿಮ್ಮ ಆಫೀಸಿನಲ್ಲಿ ಹೀಗೇ ಮಾಡುದಾ?"

ಮಾಡುತ್ತೇವೆ ಅಣ್ಣ. ಅಲ್ಲಿ ವಾಪಸ್ ಹಾಕಲು ಹಳೆಯ ವರ್ಶನ್ ಇರುತ್ತದೆ. ಸಮುದ್ರದಲ್ಲಿ ಇರುವುದಿಲ್ಲ.

*

ಉಳಿದ ಮೂರು ವಾರ ನಾವು ಮೊದಲಿನಿಂದ ಶುರು ಮಾಡಿದೆವು. ಈ ಸಲ ನಾನು ಹೆಲ್ಪರ್, ಅವರು ಮೇಸ್ತ್ರಿ. ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಕೈ ಹಾಕುವ ಮೊದಲು ಉಂಗುರ, ವಾಚು ತೆಗೆದಿಡಬೇಕು. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಬೇಡ, ಪೆಟ್ಟಿಗೆಯ ಮುಚ್ಚಳದಲ್ಲಿ ಗಾಳಿ ಹೋಗುವ ತೂತು ಬೇಕು. ಟರ್ಮಿನಲ್ಲಿನ ಬಿಳಿ ಹಿಟ್ಟನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ. ಸ್ಟಾರ್ಟರ್ ತಿರುಗುವಾಗ ನೂರಾರು ಆಂಪಿಯರ್ ಹರಿಯುತ್ತದೆ. 300 ಆಂಪಿಯರಿಗೆ ಒಂದು ಓಮ್‌ನ ನೂರರಲ್ಲಿ ಎರಡು ಪಾಲು ಇದ್ದರೂ 6 ವೋಲ್ಟು ಹೋಯಿತು. ಬ್ಯಾಟರಿಯ ಲಗ್ ಕೈಯಲ್ಲಿ ಅಲ್ಲಾಡಿದರೆ ಇಂಜಿನ್ನನ್ನು ಬೈಯುವ ಮೊದಲು ಅದನ್ನು ಬಿಗಿ ಮಾಡಿ.

ವಯರು ಕತ್ತರಿಸಿ ನೋಡಿದರೆ ಒಳಗಿನ ತಾಮ್ರ ಕಪ್ಪಾಗಿತ್ತು. ಉಪ್ಪುನೀರು ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಏರಿಕೊಂಡು ಹೋಗಿರುತ್ತದೆ. ಒಂದಿಂಚು ಕತ್ತರಿಸಿದರೆ ಸಾಲುವುದಿಲ್ಲ, ತಾಮ್ರ ಹೊಳೆಯುವ ತನಕ ಕತ್ತರಿಸಬೇಕು. ಮುಖ್ಯವಾದ ಕಡೆಗಳಿಗೆ ತವರ ಲೇಪಿಸಿದ ತಾಮ್ರದ ವಯರು ತಂದೆವು. ತಿರುಚಿ ಟೇಪು ಸುತ್ತುವುದನ್ನು ಬಿಟ್ಟು ಲಗ್ ಒತ್ತಿ, ಮೇಲೆ ಒಳಗೆ ಅಂಟು ಇರುವ ಪ್ಲಾಸ್ಟಿಕ್ ಕೊಳವೆ ಏರಿಸಿ ಬಿಸಿ ಮಾಡಿ ಕುಗ್ಗಿಸಿದೆವು. ಪೆಟ್ಟಿಗೆಯೊಳಗೆ ಹೋಗುವ ಮೊದಲು ಪ್ರತಿ ವಯರಿಗೂ ಕೆಳಗೆ ಇಳಿದು ಮತ್ತೆ ಮೇಲೇರುವ ಒಂದು ಬಳುಕು ಕೊಟ್ಟೆವು, ನೀರು ವಯರಿನ ಜೊತೆ ಒಳಗೆ ಹೋಗದೆ ಅಲ್ಲೇ ತೊಟ್ಟಿಕ್ಕಲಿ ಅಂತ.

ಲೈಟುಗಳ ಲೆಕ್ಕವನ್ನೂ ಹಾಕಿದೆ. 25 ವ್ಯಾಟಿನ ನಾಲ್ಕು ಬಲ್ಬು ಅಂದರೆ 100 ವ್ಯಾಟ್. 24 ವೋಲ್ಟಿಗೆ ನಾಲ್ಕು ಆಂಪಿಯರಿಗಿಂತ ಹೆಚ್ಚು. ರಾತ್ರಿ ಹನ್ನೊಂದು ಗಂಟೆ ಉರಿದರೆ ಸುಮಾರು 46 ಆಂಪಿಯರ್ ಅವರ್. ಅದಕ್ಕೆ ಎಲ್‌ಇಡಿ ಹಾಕಿದೆವು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ, ಬಲೆ ಎಳೆಯುವಾಗ ಕಂಬದಲ್ಲಿ ಬಿಳಿಯ ಮೇಲೆ ಹಸಿರು. ಈ ನಿಯಮ ಜಗತ್ತಿಗೆಲ್ಲ ಒಂದೇ, 1972ರ ಒಪ್ಪಂದದ್ದು. ಬೋಟು ಯಾವ ಕಡೆಗೆ ಮುಖ ಮಾಡಿದೆ, ಏನು ಮಾಡುತ್ತಿದೆ ಅಂತ ಹಡಗಿನವನಿಗೆ ಹೇಳುವುದು ಈ ಬಣ್ಣಗಳೇ. ಹಾಗಾಗಿ ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿ ಕೈ ತೊಳೆದುಕೊಳ್ಳಬಾರದು, ಬಣ್ಣ ಸರಿಯಾಗಿ ಬರುವುದಿಲ್ಲ. ಇನ್ನೊಂದು, ಕೆಲವು ಅಗ್ಗದ ಎಲ್‌ಇಡಿಗಳು ವೈರ್‌ಲೆಸ್ಸಿನಲ್ಲಿ ಸದ್ದು ತುಂಬುತ್ತವೆ. ಒಂದೊಂದನ್ನೇ ಹಾಕಿ ಕಿವಿಗೊಟ್ಟು ನೋಡಬೇಕು. ನಾವು ತಂದದ್ದರಲ್ಲಿ ಒಂದನ್ನು ವಾಪಸ್ ಕೊಡಬೇಕಾಯಿತು.

ನಡುವಿನಿಂದ ತೆಗೆದ ವಯರನ್ನು ತೆಗೆದು 24ನ್ನು 12 ಮಾಡುವ ಕನ್ವರ್ಟರ್ ಹಾಕಿದೆವು (ಈ ಸಲ ಎರಡೂ ತುದಿ ನೋಡಿದ ಮೇಲೆಯೇ). ಎಡ ಬಲ ಎರಡಕ್ಕೂ ಈಗ ಸಮಪಾಲು. ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಮಾವ ಕೇಳಿದರು, "ಎರಡೂ ಬ್ಯಾಟರಿ ಹೋದ್ರೆ ವೈರ್‌ಲೆಸ್ಸು?"

ಹೋಗುತ್ತದೆ, ಅಂದೆ.

"ಮೊನ್ನೆ ನೀರು ಬಂದಾಗ ಏನೇನು ಮುಳುಗಿತ್ತು ನೋಡಿದ್ದೀಯಲ್ಲ. ಕೆಳಗಿದ್ದದ್ದು ಮೊದಲು ಮುಳುಗುದು. ಮಾತಾಡುದು ಮೇಲೆ ಇರಲಿ."

ಹಾಗಾಗಿ ಒಂದು ಸಣ್ಣ ಮೂರನೆಯ ಬ್ಯಾಟರಿ, ಕ್ಯಾಬಿನ್ನಿನ ಮೇಲಿನ ಹಲಗೆಯಲ್ಲಿ, ವೈರ್‌ಲೆಸ್ಸಿಗೆ ಮಾತ್ರ. ಅದರ ಚಾರ್ಜು ಬೇರೆ, ಫ್ಯೂಸು ಬೇರೆ. ಫ್ಯಾನಿಗೆ, ಮೊಬೈಲಿಗೆ ಅದರಿಂದ ಒಂದು ಹನಿಯೂ ಇಲ್ಲ. ದೊಡ್ಡ ಹಡಗುಗಳಲ್ಲಿ ತುರ್ತು ರೇಡಿಯೋಗೆ ಹೀಗೆಯೇ ಬೇರೆ ಬ್ಯಾಟರಿ ಇಟ್ಟಿರುತ್ತಾರೆ ಅಂತ ನಾನು ಆಮೇಲೆ ಓದಿದೆ. ಮಾವ ಓದಿರಲಿಲ್ಲ.

ಕೊನೆಗೆ ಎಲ್ಲ ವಯರಿಗೂ ಎರಡೂ ತುದಿಯಲ್ಲಿ ನಂಬರು ಕಟ್ಟಿ, ಕನ್ನಡದಲ್ಲಿ ಒಂದು ನಕ್ಷೆ ಬರೆದು, ಲ್ಯಾಮಿನೇಷನ್ ಮಾಡಿಸಿ ಪ್ಯಾನೆಲಿನ ಒಳಬಾಗಿಲಿಗೆ ಅಂಟಿಸಿದೆ. 17ನೇ ನಂಬರಿನ ಬೂದು ವಯರಿನ ಮುಂದೆ "ನೀರಿನ ಪಂಪು. ಮುಟ್ಟಬೇಡಿ" ಅಂತ ಕೆಂಪಕ್ಷರದಲ್ಲಿ ಬರೆದಿದ್ದೇನೆ. ಪಂಪು ಸರಿ ಉಂಟಾ ಅಂತ ನೋಡಲು ಮೀಟರು ಬೇಡ. ತೇಲುಸ್ವಿಚ್ಚನ್ನು ಕೈಯಲ್ಲಿ ಎತ್ತಬೇಕು, ಪಂಪು ಓಡಬೇಕು. ಹೊರಡುವ ಪ್ರತಿ ಸಲ.

ನಿಂಬೆಹಣ್ಣು ತೆಗೆಯಲಿಲ್ಲ. ಮಾವ ಹೊಸದು ಕಟ್ಟಿದರು. ಈ ಸಲ ಎರಡೂ ಬ್ಯಾಟರಿಗೆ.

*

ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜೆ ಆಯಿತು. ಆಗಸ್ಟಿನಲ್ಲಿ ಬೋಟು ಹೊರಟ ಬೆಳಿಗ್ಗೆ ನಾನು ದಕ್ಕೆಯಲ್ಲಿ, ಪಕ್ಕದ ಇನ್ನೊಂದು ಬೋಟಿನ ಕ್ಯಾಬಿನ್ನಿನಲ್ಲಿ ಕೂತು ಅವರ ವೈರ್‌ಲೆಸ್ಸಿಗೆ ಕಿವಿ ಕೊಟ್ಟಿದ್ದೆ. ಸೇಂಟ್ ಮೇರೀಸ್ ದ್ವೀಪ ದಾಟಿದ ಮೇಲೆ ಮಾವನ ಧ್ವನಿ ಬಂತು. "ಕೇಳ್ತದಾ?"

"ಕೇಳ್ತದೆ ಮಾವ."

"ನನಗೂ ಕೇಳ್ತದೆ" ಅಂದರು. ಅಷ್ಟೇ. ಆಮೇಲೆ ಯಾರೋ ನಡುವೆ ಬಂದು ಐಸಿನ ರೇಟು ಕೇಳಿದರು.

ನಾನು ಬೆಂಗಳೂರಿಗೆ ಬಂದೆ. ಮೊದಲ ಟ್ರಿಪ್ ಮುಗಿಸಿ ಬಂದ ದಿನ ಮಾವ ಫೋನು ಮಾಡಿದರು. ಮೀನು ಅಷ್ಟಕ್ಕಷ್ಟೆ. ಕ್ಯಾಬಿನ್ನಿನ ಫ್ಯಾನು ಮೂರನೆಯ ದಿನ ನಿಂತುಹೋಯಿತಂತೆ. ನನ್ನ ಹೊಟ್ಟೆಯಲ್ಲಿ ಮತ್ತೆ ಮೊಣಕಾಲು ಮಟ್ಟ ನೀರು. "ಮತ್ತೆ?" ಅಂದೆ.

"ಮತ್ತೆಂಥ? ನಿನ್ನ ನಕ್ಷೆ ನೋಡಿದೆ. ಬ್ಯಾಟರಿ ಅಣ್ಣನ ಹಾಗೆ ಒಂದು ಬಲ್ಬು ಮಾಡಿಟ್ಟುಕೊಂಡಿದ್ದೆ. ಫ್ಯೂಸಿನ ಈಚೆ ಹತ್ತುದಿಲ್ಲ, ಆಚೆ ಹತ್ತುತದೆ. ಫ್ಯೂಸು ಹಾಕಿದೆ. ತಿರುಗಿತು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಕೆಲಸ ಹೇಗುಂಟು, ಆ ಕಂಪ್ಯೂಟರಿನದ್ದು?" ಅಂತ ಕೇಳಿದರು. ಏಳು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ನಾನು ಅರ್ಧ ಗಂಟೆ ವಿವರಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಫೋನಿಡುವಾಗ "ಎರಡೂ ತುದಿ ನೋಡಿ ಮಾಡು" ಅಂದರು.

ಅಂದ ಹಾಗೆ, ನಿಮ್ಮ ಮನೆಯ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ತಿಂಗಳಾಯಿತು? ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ :)